ಸುಗಂಧದ ವರ್ತಕ ಫರೀನಾ

ವಾರ್ಷಿಕ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆಯುವೆನೆಂದಾಗ ಗೆಳೆಯರು ಸೂಚಿಸಿದ ಹೆಸರುಗಳೆಲ್ಲ ಅರಸರವು, ಕವಿಗಳವು, ದೇಶಭಕ್ತರವು. ನಾನು ಆರಿಸಿಕೊಂಡದ್ದು ಒಬ್ಬ ಅಂಗಡಿಕಾರನನ್ನು. ಇದಕ್ಕೆ ಕಾರಣ ನಮ್ಮ ಅಜ್ಜಿಯ ತಲೆನೋವು. ಕರವಸ್ತ್ರಕ್ಕೆ ನಾಲ್ಕು ತೊಟ್ಟು ಯೂಡಿಕೊಲೋನ್ ಹಾಕಿ ಹಣೆಯ ಮೇಲಿಡುವುದು ನಮ್ಮ ಮನೆಯ ವಾಡಿಕೆ. ಅಜ್ಜಿ ಅದನ್ನು ಔಷಧವೆಂದೇ ನಂಬಿದ್ದಾಳೆ. ಅದು ಫ್ರೆಂಚ್ ಮಾತು, ಕೊಲೋನ್ ಪಟ್ಟಣದ ನೀರು ಎಂದು ಅದರ ಅರ್ಥ ಎಂಬುದು ನನಗೂ ತಿಳಿದದ್ದು ಈ ಕಾಲೇಜಿನ ಗ್ರಂಥಾಲಯಕ್ಕೆ ಕಾಲಿಟ್ಟ ಮೇಲೆಯೇ.

ಇಟಲಿಯ ಉತ್ತರದಂಚಿನಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ವಿಜೆತ್ಸೊ ಎಂಬ ಕಣಿವೆಯಿದೆ. ಅಲ್ಲಿನ ಸಾಂತಾ ಮರಿಯಾ ಮಾಜ್ಜೊರೆ ಎಂಬ ಊರಿನಲ್ಲಿ 1685ನೆಯ ಇಸವಿ ಡಿಸೆಂಬರ್ 8ರಂದು ಜೊವಾನ್ನಿ ಮರಿಯಾ ಫರೀನಾ ಜನಿಸಿದನು. ಆ ಕಣಿವೆಯ ಗಂಡಸರು ಹೊಟ್ಟೆಪಾಡಿಗಾಗಿ ಪರದೇಶಗಳಿಗೆ ಹೋಗುವವರು. ಚಿಮಣಿ ಗುಡಿಸುವ ಕೆಲಸಕ್ಕೆ ಅವರು ಹೆಸರಾಗಿದ್ದರು. ಫರೀನಾನ ಅಣ್ಣನು ರೈನ್ ನದಿಯ ದಂಡೆಯ ಕೊಲೋನಿನಲ್ಲಿ 1709ರ ಜುಲೈ 13ರಂದು ರೇಷ್ಮೆ, ರಿಬ್ಬನ್ ಮೊದಲಾದ ನಯದ ಸಾಮಾನುಗಳ ಅಂಗಡಿಯನ್ನು ತೆರೆದನು. 1714ರಲ್ಲಿ ತಮ್ಮನೂ ಬಂದು ಸೇರಿದನು. ಜರ್ಮನರ ನಾಲಗೆಯಲ್ಲಿ ಜೊವಾನ್ನಿಯು ಯೊಹಾನ್ ಆದನು.

ಆದರೆ ಸುಗಂಧ ಹುಟ್ಟಿದ್ದು ಅದಕ್ಕೂ ಮುಂಚೆ. 1708ರಲ್ಲಿ ಆತನು ಅಣ್ಣನಿಗೆ ಒಂದು ಕಾಗದ ಬರೆದನು. ತನ್ನ ನಾಡಿನ ವಸಂತದ ಬೆಳಗು, ಮಳೆ ನಿಂತ ಮೇಲಿನ ಕಿತ್ತಳೆಯ ಹೂವು, ಬೆಟ್ಟದ ಹೂಗಳು ನೆನಪಿಗೆ ಬರುವಂಥ ಒಂದು ಪರಿಮಳ ತನಗೆ ಕೈಗೂಡಿದೆಯೆಂಬುದು ಅದರ ಸಾರಾಂಶ. ಆಗ ಆತನಿಗೆ ಇಪ್ಪತ್ತಮೂರೂ ತುಂಬಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆ ಮುಗಿದರೆ ನಾನೂ ಊರು ಬಿಡಬೇಕಾದವನೇ. ಆದುದರಿಂದ ಈ ಕಾಗದದ ಸಂಗತಿಯನ್ನು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಆ ಕಾಲದ ಯೂರೋಪಿನ ಸಿರಿವಂತರು ಕಸ್ತೂರಿ, ಪುನುಗುಗಳಂಥ ಭಾರವಾದ ವಾಸನೆಗಳನ್ನು ಪೂಸಿಕೊಳ್ಳುತ್ತಿದ್ದರು. ಫರೀನಾ ಹಿಡಿದ ದಾರಿ ಬೇರೆ. ನಿಂಬೆಯ ಸಿಪ್ಪೆಯನ್ನು ಮಡಿಸಿ ಹಿಂಡಿದರೆ ಕಣ್ಣಿಗೆ ಚಿಮ್ಮುವ ಎಣ್ಣೆಯನ್ನು ನಾವೆಲ್ಲ ಬಲ್ಲೆವು. ಬರ್ಗಮಾಟ್ ಎಂಬ ನಿಂಬೆಯ ಜಾತಿಯ ಹಣ್ಣು, ನಿಂಬೆ, ಕಿತ್ತಳೆ ಇವುಗಳ ಅಂಥ ಎಣ್ಣೆಯನ್ನು ಶುದ್ಧ ಮದ್ಯಸಾರದಲ್ಲಿ ಬೆರೆಸಿ ತಿಳಿನೀರಿನಂಥ ದ್ರವವನ್ನು ಮಾಡಿದನು. ಒಂದು ವರ್ಷದ ಹಣ್ಣಿನಂತೆ ಮತ್ತೊಂದು ವರ್ಷದ ಹಣ್ಣು ಇರುವುದಿಲ್ಲವಷ್ಟೆ. ಬೇರೆ ಬೇರೆ ಬೆಳೆಗಳ ಎಣ್ಣೆಯನ್ನು ಹದವರಿತು ಕೂಡಿಸಿ, ಪ್ರತಿ ಶೀಶೆಯಲ್ಲಿಯೂ ಒಂದೇ ಪರಿಮಳ ಬರುವಂತೆ ನೋಡಿಕೊಂಡದ್ದು ಆತನ ನಿಜವಾದ ಜಾಣ್ಮೆ. ಇದನ್ನು ಕೇವಲ ಮೂಗಿನ ಬಲದಿಂದ ಮಾಡಿದನೆಂಬುದೇ ನನಗೆ ಸೋಜಿಗ.

ಈ ಪರಿಮಳಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಕೊಲೋನಿನ ಆರ್ಚ್‌ಬಿಷಪ್ ಕ್ಲೆಮೆನ್ಸ್ ಆಗಸ್ಟನೂ ಕೊಂಡನು, ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳೂ ಕೊಂಡಳು. ಸಿಪ್ಪೆಯ ಎಣ್ಣೆ ಬೇಗನೆ ಆರಿಹೋಗುವಂಥದು. ಮೈಗೆ ಹಚ್ಚಿಕೊಂಡ ಕ್ಷಣ ಚುರುಕಾಗಿ ಎದ್ದು, ಹೆಚ್ಚು ಹೊತ್ತು ಕಾಡದೆ ಹೊರಟುಹೋಗುತ್ತದೆ. ಮಿತಭಾಷಿಯೂ ಶುಚಿಯೂ ಆದ ಅತಿಥಿಯೊಬ್ಬನು ಬಂದು ಹೋದಂತೆ ನನಗೆ ಅನಿಸುತ್ತದೆ. ಫರೀನಾ ಸ್ವಭಾವದಲ್ಲಿ ಹಾಗಿದ್ದನೋ ಏನೋ!

ತನ್ನ ಹಳ್ಳಿಯ ಬೆಳಗನ್ನು ಶೀಶೆಯಲ್ಲಿ ತುಂಬಿದವನು ಅದಕ್ಕೆ ಹಳ್ಳಿಯ ಹೆಸರಿಡಲಿಲ್ಲ; ಅನ್ನ ಕೊಟ್ಟ ಪಟ್ಟಣದ ಹೆಸರಿಟ್ಟನು. ಆ ಔದಾರ್ಯವೇ ಮುಂದೆ ಮನೆತನಕ್ಕೆ ಮುಳುವಾಯಿತು. ಪಟ್ಟಣದ ಹೆಸರನ್ನು ಯಾರು ಬೇಕಾದರೂ ಬಳಸಬಹುದಷ್ಟೆ! ಫರೀನಾ ಎಂಬ ಹೆಸರೂ ಸುರಕ್ಷಿತವಾಗಿ ಉಳಿಯಲಿಲ್ಲ. 1803ರಲ್ಲಿ ವಿಲ್ಹೆಲ್ಮ್ ಮ್ಯೂಲೆನ್ಸ್ ಎಂಬ ವರ್ತಕನು, ಈ ಮನೆತನಕ್ಕೆ ಸೇರದ ಮತ್ತೊಬ್ಬ ಫರೀನಾನಿಂದ ಆ ಹೆಸರನ್ನು ಬಳಸುವ ಹಕ್ಕನ್ನು ಕ್ರಯಕ್ಕೆ ಪಡೆದನು. ವ್ಯಾಪಾರ ಚಿಹ್ನೆಗಳನ್ನು ಕಾಯುವ ಕಾನೂನು ಜರ್ಮನಿಯಲ್ಲಿ ಬಂದದ್ದು 1874ರಲ್ಲಿ. ಅಷ್ಟರಲ್ಲಿ ಕೊಲೋನ್ ಎಂಬುದು ಪಟ್ಟಣವಾಗಿ ಉಳಿಯದೆ ಒಂದು ಬಗೆಯ ಸರಕಾಗಿತ್ತು. ಫರೀನಾನ ಮೂಲ ಅಂಗಡಿ ಮಾತ್ರ ಇಂದಿಗೂ ಇದೆ.

ನಮ್ಮ ಮನೆಯ ಶೀಶೆಯ ಮೇಲೆ ಆತನ ಹೆಸರಿಲ್ಲ. ಕಳೆದ ರಜೆಯಲ್ಲಿ ಅಜ್ಜಿಗೆ ಈ ಕತೆಯನ್ನೆಲ್ಲ ಹೇಳಿದೆ. ಆ ಹುಡುಗ ಕೊನೆಗಾದರೂ ಊರಿಗೆ ಬಂದು ನೆಲೆಸಿದನೇ ಎಂದು ಕೇಳಿದಳು. ಇಲ್ಲ, 1766ರ ನವೆಂಬರ್ 25ರಂದು ಕೊಲೋನಿನಲ್ಲಿಯೇ ತೀರಿಕೊಂಡನು ಎಂದೆ. ಅಜ್ಜಿ ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸುಮ್ಮನಾದಳು.