ಫೆಂಡರನ ರೇಡಿಯೊ ಅಂಗಡಿ

ಮೊನ್ನೆ ಜಯನಗರದ ನಮ್ಮ ಮನೆಯಲ್ಲಿ ಮೊಮ್ಮಗನು ತನ್ನ ಗಿಟಾರಿನ ಆಂಪ್ಲಿಫೈಯರನ್ನು ನನ್ನ ಮುಂದೆ ತಂದಿಟ್ಟನು. ವಾಲ್ವುಗಳುಳ್ಳ, ಕೈಯಿಂದಲೇ ತಂತಿ ಬೆಸೆದು ಮಾಡಿದ ಪೆಟ್ಟಿಗೆ ಅದು. ಗಿಟಾರನ್ನು ಮುಟ್ಟುವ ಮೊದಲೇ ಅದರಿಂದ ಒಂದೇ ಸಮನೆ ಗುಂಯ್ ಎಂಬ ಸದ್ದು ಬರುತ್ತಿದ್ದಿತು. ನಾನು ರೇಡಿಯೊ ರಿಪೇರಿಯ ಅಂಗಡಿಯನ್ನು ಮುಚ್ಚಿ ಬಹುಕಾಲವಾಗಿದೆ. ಪರರು ಮಾಡಿದ್ದಕ್ಕೆ ತೇಪೆ ಹಾಕುವವನಿಗೆ ತನ್ನದೆಂದು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲವೆಂಬ ಕೊರಗು ನನ್ನಲ್ಲಿ ಅಂದಿನಿಂದಲೂ ಇದ್ದಿತು. ಪೆಟ್ಟಿಗೆಯ ಬೆನ್ನನ್ನು ಬಿಚ್ಚಿದಾಗ ಒಳಗೆ ಕಂಡದ್ದು ಲಿಯೊ ಫೆಂಡರನ ನಕ್ಷೆ. ಅದರೊಡನೆ ಆತನ ಬಾಳೂ ನೆನಪಿಗೆ ಬಂದಿತು.

ಫೆಂಡರನು ೧೯೦೯ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಕಿತ್ತಳೆ ಬೆಳೆಯುವ ಮನೆತನದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಒಂದು ಕಣ್ಣನ್ನು ಕಳೆದುಕೊಂಡನು. ಓದಿದ್ದು ಲೆಕ್ಕಪತ್ರದ ವಿದ್ಯೆ; ಮೂವತ್ತರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಉದ್ಯೋಗವೂ ಹೋಯಿತು. ೧೯೩೮ರಲ್ಲಿ ೬೦೦ ಡಾಲರು ಸಾಲ ತಂದು ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿಯ ಅಂಗಡಿಯನ್ನು ತೆರೆದನು. ವಾದ್ಯಗಾರರು ಕೆಟ್ಟ ಆಂಪ್ಲಿಫೈಯರುಗಳನ್ನು ಅಲ್ಲಿಗೆ ಹೊತ್ತು ತರುತ್ತಿದ್ದರು. ಯಾವ ಬೆಸುಗೆ ಬಿಡುತ್ತದೆ, ಯಾವ ಭಾಗ ಮೊದಲು ಸೋಲುತ್ತದೆ ಎಂಬುದನ್ನು ಆತನು ಕಲಿತದ್ದು ಆ ಮೇಜಿನ ಮೇಲೆ.

೧೯೪೫ರಲ್ಲಿ ಗೆಳೆಯ ಕಾಫ್‌ಮನ್ನನೊಡನೆ ಹವಾಯಿಯನ್ ಗಿಟಾರುಗಳನ್ನೂ ಅವಕ್ಕೆ ತಕ್ಕ ಆಂಪ್ಲಿಫೈಯರುಗಳನ್ನೂ ಮಾಡತೊಡಗಿದನು. ಮರುವರ್ಷ ಸ್ವಂತ ಕಂಪೆನಿಯನ್ನು ಕಟ್ಟಿದನು. ೧೯೫೪ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಗಿಟಾರು ಹೊರಬಂದಿತು. ಆತನ ಬಾಸ್‌ಮನ್ ಆಂಪ್ಲಿಫೈಯರು ಲಂಡನ್ನಿನ ಮಾರ್ಷಲ್ ಅಂಗಡಿಯವರಿಗೂ ಮಾದರಿಯಾಯಿತು. ಸೋಜಿಗವೆಂದರೆ, ಇಷ್ಟೆಲ್ಲ ಮಾಡಿದವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ದೂರುಗಳನ್ನು ಕಿವಿಗೊಟ್ಟು ಕೇಳುವುದು ಮಾತ್ರ ಬರುತ್ತಿದ್ದಿತು. ಆರೋಗ್ಯ ಕೆಟ್ಟು, ೧೯೬೫ರಲ್ಲಿ ೧ ಕೋಟಿ ೩೦ ಲಕ್ಷ ಡಾಲರಿಗೆ ಕಂಪೆನಿಯನ್ನು ಮಾರಿದನು. ಆದರೂ ಕೆಲಸವನ್ನು ಬಿಡಲಿಲ್ಲ. ಪಾರ್ಕಿನ್ಸನ್ ರೋಗ ಹಿಡಿದ ಮೇಲೂ, ೧೯೯೧ರ ಮಾರ್ಚಿಯಲ್ಲಿ ತೀರಿಕೊಳ್ಳುವವರೆಗೆ ಹೊಸ ವಾದ್ಯಗಳನ್ನು ರೂಪಿಸುತ್ತಲೇ ಇದ್ದನು.

ಪ್ಲಗ್ಗನ್ನು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರುತ್ತದೆ. ಅದನ್ನು ಮೊದಲು ಒಂದು ರೆಸಿಸ್ಟರಿನ ಮೂಲಕ ಇಳಿಸಿದೆನು. ವಿದ್ಯುತ್ತಿನ ಏರಿಳಿತವನ್ನು ಸಮಮಾಡಬೇಕಾದ ಕಂಡೆನ್ಸರೊಂದು ಒಣಗಿಹೋಗಿದ್ದಿತು. ಗುಂಯ್ ಸದ್ದಿಗೆ ಅದೇ ಕಾರಣ. ಒಂದೇ ಹಲಗೆಯ ಮೇಲೆ ಬಿಡಿಭಾಗಗಳೆಲ್ಲ ಸಾಲಾಗಿದ್ದವು. ಒಂದನ್ನು ತೆಗೆಯಲು ಇನ್ನೊಂದನ್ನು ಕದಲಿಸಬೇಕಾಗಲಿಲ್ಲ. ತಾನು ಮಾಡಿದ ವಸ್ತು ಒಂದು ದಿನ ಕೆಡುವುದೆಂದು ಮೊದಲೇ ಒಪ್ಪಿಕೊಂಡು, ಎಂದೂ ಕಾಣದ ರಿಪೇರಿಯವನ ಕೈಗೆ ಎಡೆಯನ್ನು ಬಿಟ್ಟು ರಚಿಸಿದ ನಕ್ಷೆ ಅದು. ಹಿಂದೆ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸಿನ ವಾಲ್ವುಗಳನ್ನು ರೇಡಿಯೊಗಳಿಗೆ ಕೂರಿಸಿದ ನನ್ನ ಕೈಗೆ ಆ ಎಡೆ ಸಾಕಾಯಿತು.

ಎಸ್.ಪಿ. ರಸ್ತೆಯಿಂದ ತಂದ ಹೊಸ ಕಂಡೆನ್ಸರನ್ನು ಬೆಸೆದೊಡನೆ ಸದ್ದು ಅಡಗಿತು. ಮೊಮ್ಮಗನು ಗಿಟಾರನ್ನು ಎತ್ತಿಕೊಳ್ಳಲಿಲ್ಲ. ಸಾಲ್ಡರಿಂಗ್ ಐರನ್ನನ್ನು ಹಿಡಿಯುವುದು ಹೇಗೆಂದು ಕೇಳಿದನು. ಬಹುಕಾಲದ ನನ್ನ ಕೊರಗು ಅಂದು ಇಳಿಯಿತು.