ಲೂಯಿ ಪಾಶ್ಚರ್ ಮತ್ತು ಹುಳಿಬಂದ ತೊಟ್ಟಿ



ನಮ್ಮ ನೀಲಗಿರಿಯಲ್ಲಿ ಪಾಶ್ಚರ್ ಎಂದೊಡನೆ ನೆನಪಾಗುವುದು ಕೂನೂರಿನಲ್ಲಿ 1907ರಿಂದ ಇರುವ ಸಂಸ್ಥೆ, ಹುಚ್ಚುನಾಯಿ ಕಡಿತದ ಚುಚ್ಚುಮದ್ದು. ಸೆಪ್ಟೆಂಬರ್ 28 ಅವರು ತೀರಿಕೊಂಡ ದಿನ. ಆ ನಿಮಿತ್ತ, ಅವರ ಬಾಳಿನಲ್ಲಿ ಅಷ್ಟಾಗಿ ಯಾರೂ ಹೇಳದ ಭಾಗವನ್ನು ಬರೆಯುತ್ತಿದ್ದೇವೆ.

ಲೂಯಿ ಪಾಶ್ಚರ್ ಹುಟ್ಟಿದ್ದು 1822ರಲ್ಲಿ, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದಮಾಡುವವರು. ಮಗ ಓದಿದ್ದು ರಸಾಯನಶಾಸ್ತ್ರ, ವೈದ್ಯಕೀಯವಲ್ಲ. 1854ರಲ್ಲಿ ಲೀಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. 1856ರಲ್ಲಿ ವಿದ್ಯಾರ್ಥಿಯೊಬ್ಬನ ತಂದೆ ಬಿಗೊ ಅವರು ಸಹಾಯ ಕೇಳಿಕೊಂಡು ಬಂದರು. ಬೀಟ್‌ರೂಟ್ ರಸದಿಂದ ಮದ್ಯಸಾರ ತೆಗೆಯುವ ಅವರ ಕಾರ್ಖಾನೆಯಲ್ಲಿ ಕೆಲವು ತೊಟ್ಟಿಗಳು ಹುಳಿಯಾಗಿ ಕೆಡುತ್ತಿದ್ದವು. ಪಾಶ್ಚರ್ ದಿನವೂ ಹೋಗಿ ರಸ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮದ್ಯಸಾರ ಕೊಡುವ ಯೀಸ್ಟ್ ಬೇರೆ, ಹಾಲನ್ನು ಹುಳಿಮಾಡುವ ಜೀವಿ ಬೇರೆ, ಅದು ಯೀಸ್ಟಿಗಿಂತ ಬಹಳ ಸಣ್ಣದು ಎಂದು 1857ರಲ್ಲಿ ಪ್ರಕಟಿಸಿದರು. ಹುದುಗುವುದು ಬರೀ ಕೊಳೆಯುವಿಕೆ ಎಂದು ನಂಬಿದ್ದ ಜರ್ಮನಿಯ ಲೀಬಿಗ್‌ರಂಥ ದೊಡ್ಡವರು ಇದನ್ನು ಒಪ್ಪಲಿಲ್ಲ. ದೋಸೆ ಹಿಟ್ಟು ಉಬ್ಬುವುದನ್ನು ದಿನವೂ ನೋಡುವ ನಮಗೆ ಈ ಜಗಳ ವಿಚಿತ್ರವೆನಿಸಬಹುದು.

ಎರಡೇ ವರ್ಷದಲ್ಲಿ, 1859ರಲ್ಲಿ, ಒಂಬತ್ತು ವರ್ಷದ ಹಿರಿಮಗಳು ಜಾನ್ ಟೈಫಾಯ್ಡಿನಿಂದ ತೀರಿಕೊಂಡಳು. 1866ರಲ್ಲಿ ಅದೇ ಜ್ವರ ಹನ್ನೆರಡರ ಸೆಸಿಲ್‌ಳನ್ನೂ ಕೊಂಡೊಯ್ದಿತು. ಆ ಜ್ವರ ಯಾವ ಜೀವಿಯಿಂದ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎಬರ್ತ್ ಎಂಬ ವೈದ್ಯರು ಆ ರೋಗಾಣುವನ್ನು ಕಂಡದ್ದು 1880ರಲ್ಲಿ.

1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರರ ಎಡಭಾಗ ಸ್ವಾಧೀನ ತಪ್ಪಿತು. ಆ ದೇಹ ಹೊತ್ತೇ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಹುಚ್ಚುನಾಯಿ ಲಸಿಕೆ ಕೊಡಿಸಿದರು. 1895ರಲ್ಲಿ ಕಾಲವಾದರು.

ಮೂರು ವರ್ಷದ ಬಳಿಕ ಡರ್ಹಮ್ ಎಂಬುವರು ಹುದುಗು ಪರೀಕ್ಷೆಯ ನಳಿಕೆಯೊಳಗೆ ಪುಟ್ಟ ನಳಿಕೆಯೊಂದನ್ನು ಬೋರಲು ಹಾಕುವ ಉಪಾಯ ತಂದರು. ಒಂದೇ ಬಗೆಯ ಸಕ್ಕರೆ, ಫೀನಾಲ್ ರೆಡ್ ಬಣ್ಣ ಬೆರೆಸಿದ ದ್ರವದಲ್ಲಿ ರೋಗಾಣು ಬೆಳೆಸುತ್ತಾರೆ. ಅದು ಸಕ್ಕರೆ ತಿಂದು ಆಮ್ಲ ಮಾಡಿದರೆ ಕೆಂಪು ಹಳದಿಯಾಗುತ್ತದೆ. ಅನಿಲ ಹೊರಟರೆ ಬೋರಲು ನಳಿಕೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಕರುಳಿನಲ್ಲಿ ಸಾಮಾನ್ಯವಾಗಿರುವ ಇ. ಕೋಲೈ ಗ್ಲೂಕೋಸ್, ಲ್ಯಾಕ್ಟೋಸ್ ಎರಡನ್ನೂ ಹಳದಿ ಮಾಡಿ ಗುಳ್ಳೆಯನ್ನೂ ಕೊಡುತ್ತದೆ. ಟೈಫಾಯ್ಡಿನದು ಗ್ಲೂಕೋಸನ್ನು ಹಳದಿ ಮಾಡಿದರೂ ಗುಳ್ಳೆ ಇಲ್ಲ, ಲ್ಯಾಕ್ಟೋಸ್ ಕೆಂಪಾಗಿಯೇ ಉಳಿಯುತ್ತದೆ. ಇದೊಂದನ್ನೇ ನಂಬಿ ತೀರ್ಮಾನಿಸುವುದಿಲ್ಲ, ಬೇರೆ ಪರೀಕ್ಷೆಗಳೂ ಬೇಕು. ಒಂದು ದಿನದೊಳಗೆ ನೋಡಬೇಕು ಕೂಡ. ತಡವಾದರೆ ಸಕ್ಕರೆ ಮುಗಿದು, ರೋಗಾಣು ದ್ರವದ ಪ್ರೋಟೀನಿಗೆ ಬಾಯಿಹಾಕಿ ಹಳದಿ ಮತ್ತೆ ಕೆಂಪಾಗಬಹುದು. ಕಡತದಲ್ಲಿ ತಾರೀಖು ನೋಡದೆ ಸಹಿ ಹಾಕಿದ ಹಾಗೆ.

— ಕಾರ್ಯದರ್ಶಿ