ಮಾಸ್ತರರ ಬೆನ್ನಿಗೆ ನಿಂತ ಡೆಪ್ಯುಟಿ

ಸಾಲಿ ತಪಾಸಣೆಗೆ ಸಾಹೇಬರು ಬರ್ತಾರಂತೆ ಅಂದ್ರೆ ಸಾಕು, ಮಾಸ್ತರರ ಎದೆ ಢವಢವ. ಇದು ಇಂದು ನಿನ್ನೆಯ ಮಾತಲ್ಲ. ಹಾಜರಿ ಪುಸ್ತಕ ನೋಡುವುದು, ತಪ್ಪು ಹುಡುಕುವುದು, ಷರಾ ಬರೆದು ಹೊರಡುವುದು. ಆದರೆ ಇಂಥದೇ ಕುರ್ಚಿಯಲ್ಲಿ ಕೂತು, ಮಾಸ್ತರರನ್ನು ಹೆದರಿಸುವ ಬದಲು ತಯಾರು ಮಾಡಿದ ಪುಣ್ಯಾತ್ಮರೊಬ್ಬರು ನಮ್ಮ ಧಾರವಾಡದಲ್ಲಿ ಆಗಿಹೋದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಅವರೇ ಡೆಪ್ಯುಟಿ ಚನ್ನಬಸಪ್ಪ.

ಹುಟ್ಟಿದ್ದು 1834ರಲ್ಲಿ. ತಂದೆ ಬಸಲಿಂಗಪ್ಪ. ಎಂಜಿನಿಯರಿಂಗ್ ಓದಲೆಂದು ಪುಣೆಗೆ ಹೋದ ಜಾಣ ಹುಡುಗ. ಆದರೆ ಕೊನೆಗೆ ಕೈ ಹಚ್ಚಿದ್ದು ರಸ್ತೆ, ಸೇತುವೆಗಲ್ಲ. ವಿದ್ಯಾಖಾತೆಯ ಕೆಲಸಕ್ಕೆ.

ಆಗಿನ ಪರಿಸ್ಥಿತಿ ಹೇಗಿತ್ತು? ಧಾರವಾಡ, ಬೆಳಗಾವಿ ಸೀಮೆ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿ ಕಾಗದ ಮರಾಠಿ. ಸಾಲಿಯ ಪಾಠವೂ ಮರಾಠಿ. ಮನೆಯಲ್ಲಿ ಅವ್ವನ ಜತೆ ಕನ್ನಡ ಆಡಿದ ಹುಡುಗ, ಸಾಲಿಗೆ ಬಂದು ತಿಳಿಯದ್ದನ್ನು ಉರು ಹೊಡೆಯಬೇಕು. 1830ರ ದಶಕದಲ್ಲಿ ವಾಲ್ಟರ್ ಎಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿ ಸ್ವಂತ ದುಡ್ಡು ಹಾಕಿ ಕನ್ನಡ ಸಾಲಿ ತೆಗೆಸಿದ್ದುಂಟು. ಆದರೆ ಒಬ್ಬರ ಕಿಸೆಯಿಂದ ಎಷ್ಟು ದಿನ ನಡೆದೀತು?

ಬೋರ್ಡು ಬದಲಿಸಿದರೆ ಸಾಲಿ ಬದಲಾಗುವುದಿಲ್ಲ ಎಂಬುದನ್ನು ಚನ್ನಬಸಪ್ಪನವರು ಸರಿಯಾಗಿ ಅರಿತಿದ್ದರು. ಕನ್ನಡ ಕಲಿಸಲು ಬಲ್ಲ ಮಾಸ್ತರರು ಬೇಕು. ಅವರ ಕೈಗೆ ಪುಸ್ತಕ ಬೇಕು. ಧಾರವಾಡದ ನಾರ್ಮಲ್ ಸ್ಕೂಲೆಂದರೆ ಮಾಸ್ತರರಾಗುವವರಿಗೇ ಪಾಠ ಹೇಳುವ ಸಾಲಿ. ಅಲ್ಲಿ ಅವರು ಕಲಿಸಿದರು, ಅದರ ಮುಖ್ಯಸ್ಥರೂ ಆದರು. ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆದ ಮೇಲೆ ಕನ್ನಡ ಹಳ್ಳಿಗಳ ಮರಾಠಿ ಸಾಲಿಗಳನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಗಟ್ಟಿಯಾಗಿ ನಿಂತರು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ಸಿಕ್ಕಿತು.

ತರಬೇತಿ ಮುಗಿಸಿ ಹಳ್ಳಿ ಸೇರಿದ ಮಾಸ್ತರ ಅಲ್ಲಿ ಒಂಟಿ. ಪಾಠದಲ್ಲಿ ಗಂಟು ಬಿದ್ದರೆ ಕೇಳುವುದು ಯಾರನ್ನ? ಇದಕ್ಕೂ ದಾರಿ ಮಾಡಿದರು. 1865ರ ಸುಮಾರಿಗೆ ಮಾಸ್ತರರಿಗಾಗಿಯೇ 'ಮಠಪತ್ರಿಕೆ' ಹೊರಟಿತು. ಆಗ ಸಾಲಿಗೆ ಮಠ ಎನ್ನುತ್ತಿದ್ದರು. ಮುಂದೆ ಅದೇ 'ಶಾಲಾಪತ್ರಿಕೆ'ಯಾಯಿತು, ಆಮೇಲೆ 'ಜೀವನ ಶಿಕ್ಷಣ'ವಾಯಿತು. ಡೆಪ್ಯುಟಿಯವರು ಸಾಲಿಗೆ ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ, ಪತ್ರಿಕೆ ಮಾತ್ರ ಮಾಸ್ತರರ ಮೇಜಿನ ಮೇಲೇ ಇರುತ್ತಿತ್ತು.

ಬರೀ ಹುಕುಂ ಹೊರಡಿಸಿ ಕೂರುವ ಜಾತಿಯವರೂ ಅಲ್ಲ. ಓದಲು ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ ತಾವೇ ಬರೆದು ಕೊಟ್ಟರು. ಷೇಕ್ಸ್‌ಪಿಯರನ 'ಕಾಮೆಡಿ ಆಫ್ ಎರರ್ಸ್' ನಾಟಕ ಅವರ ಕೈಯಲ್ಲಿ 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಆಯಿತು. ಅದೇ ಕಾಲದಲ್ಲಿ ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮುಂತಾದವರೂ ಕನ್ನಡ ಬರವಣಿಗೆಗೆ ಹೆಗಲು ಕೊಟ್ಟರು.

ಐವತ್ತು ತುಂಬುವ ಮೊದಲೇ, 1881ರಲ್ಲಿ, ಚನ್ನಬಸಪ್ಪನವರು ಕಣ್ಣು ಮುಚ್ಚಿದರು. ಒಂಬತ್ತು ವರ್ಷದ ನಂತರ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡ ಓದಲು ಬರೆಯಲು ಕಲಿತ ಒಂದು ಪೀಳಿಗೆ ಆ ಹೊತ್ತಿಗೆ ತಯಾರಾಗಿತ್ತು. ಬೀಜ ಬಿತ್ತಿದವರು ಬೆಳೆ ನೋಡಲಿಲ್ಲ, ಅಷ್ಟೆ.

ಇಂದು ಅಂಗಡಿಯ ಮೇಲಿನ ಹೆಸರು, ಬಸ್ಸಿನ ಹಣೆಯ ಮೇಲಿನ ಊರು ನಾವು ಸಲೀಸಾಗಿ ಓದುತ್ತೇವೆ. ನಮಗೆ ಅಕ್ಷರ ತಿದ್ದಿಸಿದ ಮಾಸ್ತರರು ನೆನಪಾಗುತ್ತಾರೆ. ಆ ಮಾಸ್ತರರ ಗುರುಗಳಿಗೆ ದಾರಿ ತೋರಿಸಿದ ಡೆಪ್ಯುಟಿಯನ್ನು ನೆನೆಯುವವರು ಕಡಿಮೆ. ತಪಾಸಣೆಗೆ ಹೊರಡುವ ಸಾಹೇಬರಾದರೂ ಷರಾ ಬರೆಯುವ ಮುನ್ನ ಒಮ್ಮೆ ನೆನೆದರೆ, ಸಾಲಿಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.